ಸೈಡ್ ಕೊಡದ ನೂರ್ ಅಹ್ಮದ್

ಹುಬ್ಬಳ್ಳಿಯಿಂದ ಅಂಕೋಲೆಗೆ ಅದಿರು ಹೊರುವ ಲಾರಿ ಡ್ರೈವರುಗಳ ಮುಂದೆ ಯಲ್ಲಾಪುರದ ನೂರ್ ಅಹ್ಮದನ ಹೆಸರು ಎತ್ತಿ ನೋಡಿ. ಮೊದಲು ಒಂದು ಬೈಗುಳ ಬರುತ್ತದೆ, ಆಮೇಲೆ ಮಾತು. ಅರಬೈಲ್ ಘಟ್ಟ ಇಳಿಯುವಾಗ ಈ ಮನುಷ್ಯ ಯಾರಿಗೂ ಸೈಡ್ ಕೊಡುವುದಿಲ್ಲ. ಹಿಂದಿನವರು ಎಷ್ಟೇ ಹಾರ್ನ್ ಹೊಡೆಯಲಿ, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಮೂಗು ಮುಂದೆ ಚಾಚಿದ ಅವನ ಹಳೆಯ ಲಾರಿ ರಸ್ತೆಯ ನಟ್ಟನಡುವೆ ತೆವಳುತ್ತಿರುತ್ತದೆ. ಹಿಂದೆ ಲಾರಿ, ಬಸ್ಸು, ಸಾಹುಕಾರರ ಕಾರು ಎಲ್ಲ ಸಾಲುಗಟ್ಟಿರುತ್ತವೆ. ಘಟ್ಟ ಮುಗಿದು ಸುಂಕಸಾಳದ ಹತ್ತಿರ ರಸ್ತೆ ಸಮವಾದ ಮೇಲೆ ಅವನು ತಾನಾಗಿ ಎಡಕ್ಕೆ ಸರಿಯುತ್ತಾನೆ. ದಾಟಿ ಹೋಗುವವರು ಕಿಟಕಿಯಿಂದ ತಲೆ ಹೊರಗೆ ಹಾಕಿ, "ರಸ್ತೆ ಏನ್ ನಿಮ್ಮಪ್ಪಂದೇನೋ?" ಎಂದು ಕೇಳುತ್ತಾರೆ. 

ನಾನು ಈ ಊರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಸೀತಾರಾಮ ಮಾಸ್ತರ. ನೂರ್ ಅಹ್ಮದನ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದು ಕಲ್ಲಿನ ಕಟ್ಟೆ ಮಾತ್ರ. ಈ ಬೈಗುಳ ಕಿವಿಗೆ ಬಿದ್ದಾಗೆಲ್ಲ ನನಗೆ ಮೈ ಉರಿಯುತ್ತದೆ. ಊರ ಬಾಯಿ ಮುಚ್ಚಲು ಯಾರಿಂದಲೂ ಆಗದು, ಒಪ್ಪಿದೆ. ಆದರೆ ತಿಳಿಯದವರಿಗೆ ತಿಳಿಸಿಯೇ ತೀರಬೇಕೆಂಬುದು ಮಾಸ್ತರಿಕೆಯ ಚಟ, ಅದು ನನ್ನನ್ನು ಬಿಟ್ಟಿಲ್ಲ. ಕೆಲವೇ ವರ್ಷಗಳ ಹಿಂದೆ ಇದೇ ರಸ್ತೆಯಲ್ಲಿ ಇದೇ ನೂರ್ ಅಹ್ಮದನಿಗೆ 'ಸೈಡ್ ಸಾಹೇಬ' ಎಂದು ಹೆಸರಿತ್ತು. ಹಿಂದೆ ಎತ್ತಿನಗಾಡಿ ಬಂದರೂ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾನೆ ಎಂದು ಇದೇ ಜನ ನಗುತ್ತಿದ್ದರು. ಅಂಥವನು ಇಂಥವನಾದದ್ದು ಹೇಗೆ ಎಂದು ಹೇಳುತ್ತೇನೆ. ಇದು ಸುಖದ ಕತೆಯಲ್ಲ, ಮೊದಲೇ ಹೇಳಿಬಿಟ್ಟಿದ್ದೇನೆ.

ಅವನ ತಂದೆ ಘಟ್ಟದ ಕೆಳಗಿನಿಂದ ಉಪ್ಪು, ಒಣಮೀನು ಹೇರಿಕೊಂಡು ಬರುತ್ತಿದ್ದ ಗಾಡಿಯವನು. ಆ ಗಾಡಿಯ ಮೇಲೆ ಕುಳಿತೇ ನೂರ್ ಅರಬೈಲಿನ ಒಂದೊಂದು ತಿರುವನ್ನೂ ಕಲಿತ. ದೊಡ್ಡವನಾಗಿ ಲಾರಿ ಹತ್ತಿದ ಮೇಲೂ ಅವನ ಬುದ್ಧಿ ಎತ್ತಿನ ಹೆಜ್ಜೆಯದೇ. ಹತ್ತುವ ಗೇರಿನಲ್ಲೇ ಇಳಿಯಬೇಕು ಎಂಬುದು ಅವನ ಒಂದೇ ಶಾಸ್ತ್ರ. ಘಟ್ಟ ಏರಲು ಯಾವ ಸಣ್ಣ ಗೇರು ಬೇಕೋ ಇಳಿಯುವಾಗಲೂ ಅದನ್ನೇ ಹಾಕಿಕೊಂಡರೆ ಇಂಜಿನ್ನೇ ಲಾರಿಯನ್ನು ಹಿಡಿದು ಎಳೆಯುತ್ತದೆ, ಬ್ರೇಕು ಆಪತ್ಕಾಲಕ್ಕೆ ಉಳಿಯುತ್ತದೆ. ಹೀಗೆ ಇಳಿಯುವವನು ನಿಧಾನವೇ. ಹಿಂದಿನವನಿಗೆ ಅವಸರವಿದ್ದರೆ ಹೋಗಲಿ ಪಾಪ ಎಂದು ನೂರ್ ಕೈ ಹೊರಗೆ ಚಾಚಿ ಕರೆದು ದಾಟಿಸುತ್ತಿದ್ದ. ಯಾರಾದರೂ ಏನಾದರೂ ಕೇಳಿದರೆ ಇಲ್ಲ ಎನ್ನಲು ಬಾರದ ಮನುಷ್ಯ. ನಮ್ಮ ಬೀದಿಯಲ್ಲಿ ಅವನ ಕೊಡೆ ಅವನ ಮನೆಯಲ್ಲಿ ಇದ್ದದ್ದನ್ನು ನಾನು ನೋಡಿಯೇ ಇಲ್ಲ.

ಹೆಂಡತಿ ಖತೀಜಾ ಶಿರಸಿಯವಳು. ಮದುವೆಯಾಗಿ ಬರುವಾಗ ಅವಳ ಕೈ ಹಿಡಿದುಕೊಂಡು ಒಬ್ಬ ಪುಟ್ಟ ತಮ್ಮನೂ ಬಂದ. ಅವನೇ ಹಯಾತ್. ತಂದೆ ತಾಯಿ ಇಬ್ಬರೂ ಜ್ವರ ಬಂದು ಹೋಗಿದ್ದರು, ಅಕ್ಕನನ್ನು ಬಿಟ್ಟರೆ ಅವನಿಗೆ ಯಾರೂ ಇರಲಿಲ್ಲ. 'ಬಳುವಳಿಯಲ್ಲಿ ಬಂದ ಮಗ' ಎಂದು ನಾವು ಚೇಷ್ಟೆ ಮಾಡಿದರೆ ಖತೀಜಾ ನಗುತ್ತಿದ್ದಳು, ಆದರೆ ಮಾತು ನಿಜವೇ. ಆ ದಂಪತಿಗೆ ಮಕ್ಕಳಾಗಲಿಲ್ಲ. ಊಟಕ್ಕೆ ಕೂತಾಗ ಹಯಾತನ ತಟ್ಟೆ ತುಂಬಿದ ಮೇಲೆಯೇ ಗಂಡನ ತಟ್ಟೆ.

ಹಯಾತನಿಗೆ ಒಂದು ವಿಚಿತ್ರ ಗುಣ. ಎದುರಿಗೆ ಯಾರ ಬೆನ್ನು ಕಂಡರೂ ಅವನಿಗೆ ತಡೆಯುತ್ತಿರಲಿಲ್ಲ. ಪೇಟೆಗೆ ಹೋಗುವ ದಾರಿಯಲ್ಲಿ ಯಾರೋ ದಾರಿಹೋಕ ಮುಂದೆ ನಡೆಯುತ್ತಿದ್ದರೆ ಓಡಿ ಅವನನ್ನು ದಾಟಬೇಕು. ದಾಟಿದ ಮೇಲೆ ಅಲ್ಲಿ ಏನೂ ಕೆಲಸವಿಲ್ಲ, ಮತ್ತೆ ನಿಧಾನ. ಶಾಲೆಯಲ್ಲಿ ನಾನೇ ಅವನಿಗೆ ಇಂಗ್ಲಿಷ್ ಕಲಿಸಿದೆ, ಪಾಠದಲ್ಲಿ ಮಾತ್ರ ಯಾರನ್ನೂ ದಾಟುವ ಆಸೆ ಅವನಿಗೆ ಹುಟ್ಟಲಿಲ್ಲ. ಶಾಲೆ ಬಿಟ್ಟು ಭಾವನ ಲಾರಿ ಹತ್ತಿದ. ನೂರ್ ತನಗೆ ಬರುವುದನ್ನೆಲ್ಲ ಅವನಿಗೆ ಕಲಿಸಿದ. ಹಿಂದೆ ಉಳಿಯುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಅವನಿಗೆ ಬಂತು.

೧೯೫೬ರ ಕೊನೆಗೆ ನಮ್ಮ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿತಲ್ಲ, ಅದಾದ ಸ್ವಲ್ಪ ದಿನಕ್ಕೆ ರಸ್ತೆಯ ಓವರ್ಸಿಯರ್ ಒಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ಘಟ್ಟದ ತಲೆಯ ಮೇಲಿನ ಹಲಗೆಗಳು ಇಂಗ್ಲಿಷಿನಲ್ಲಿದ್ದವು, ಅವಕ್ಕೆ ಕನ್ನಡ ಬೇಕಿತ್ತು. ಅದರಲ್ಲಿ ಒಂದು, ಓವರ್‌ಟೇಕ್ ಮಾಡಕೂಡದು ಎಂಬ ಹಲಗೆ. ನಾನು 'ಹಿಂದಿಕ್ಕಬೇಡಿ' ಎಂದು ಬರೆದುಕೊಟ್ಟೆ. ಅವತ್ತು ಸಂಜೆ ಹಯಾತ್ ಕಟ್ಟೆಯ ಮೇಲೆ ಬಂದು ಕೂತ.

"ಮಾಸ್ತರ್ರೆ, ಹಿಂದಿಕ್ಕಬೇಡಿ ಅಂದ್ರೆ ಯಾವ ಡ್ರೈವರಿಗೆ ತಿಳೀತದೆ? ಓವರ್‌ಟೇಕ್ ಅಂತಲೇ ಬರೀರಿ. ಅದು ಈಗ ನಮ್ಮ ಮಾತೇ."

"ನಿಮ್ಮ ಮಾತು ಅಂತೀಯಲ್ಲ, ಅರ್ಥ ಗೊತ್ತೇನೋ?"

"ಮುಂದಿದ್ದೋನ್ನ ದಾಟಿ ಹೋಗೋದು. ಅದ್ರಲ್ಲಿ ಗೊತ್ತಾಗೋದು ಏನೈತಿ?"

ಇಂಥ ಮಾತಿಗೆ ನಾನು ಸುಮ್ಮನಿರುವ ಜಾತಿಯಲ್ಲ. ಒಳಗೆ ಹೋಗಿ ದಪ್ಪ ಪದಕೋಶ ಹೊತ್ತು ತಂದೆ. ಓವರ್ ಎಂದರೆ ಮೇಲೆ, ಟೇಕ್ ಎಂದರೆ ತೆಗೆದುಕೊಳ್ಳು, ಇಷ್ಟು ಎಲ್ಲರಿಗೂ ಗೊತ್ತು. ಆದರೆ ಟೇಕ್ ಇಂಗ್ಲಿಷರ ಸ್ವಂತದ್ದಲ್ಲ. ಬಡಗಣ ಸಮುದ್ರದಾಚೆಯಿಂದ ಹಡಗಿನಲ್ಲಿ ಬಂದು ಅವರ ಊರುಗಳನ್ನು ಸುಲಿದವರು ಬಿಟ್ಟುಹೋದ ಮಾತು ಅದು, ಅವರ ಬಾಯಲ್ಲಿ ಅದಕ್ಕೆ ಕೈಹಾಕಿ ಹಿಡಿ ಎಂದು ಅರ್ಥ. ಸುಮಾರು ಏಳುನೂರು ವರ್ಷದ ಹಿಂದೆ ಈ ಎರಡು ತುಂಡು ಕೂಡಿ ಒಂದು ಪದವಾದಾಗ ದಾಟಿ ಹೋಗುವ ಸುದ್ದಿಯೇ ಅದರಲ್ಲಿ ಇರಲಿಲ್ಲ. ಓಡುವ ಮೃಗವನ್ನೋ ತಪ್ಪಿಸಿಕೊಂಡ ಮನುಷ್ಯನನ್ನೋ ಬೆನ್ನಟ್ಟಿ ಹೋಗಿ ಹಿಡಿಯುವುದು, ಅಷ್ಟೇ. ಆ 'ಮೇಲೆ' ಅಲ್ಲಿ ಏಕೆ ಸೇರಿತು ಎಂಬುದು ಪದಕೋಶದವರಿಗೂ ಸರಿಯಾಗಿ ಗೊತ್ತಿಲ್ಲ. ಮುಂದೆ ಬಿರುಗಾಳಿ, ಕತ್ತಲೆ, ಕೇಡು ಇಂಥವು ಮನುಷ್ಯನ ಬೆನ್ನ ಹಿಂದಿನಿಂದ ಬಂದು ಅವನು ತಿರುಗಿ ನೋಡುವ ಮೊದಲೇ ಮೇಲೆ ಬಿದ್ದರೆ ಅದಕ್ಕೂ ಅದೇ ಪದ ಬಳಸಿದರು. ಹಿಡಿದ ಮೇಲೆ ಅಲ್ಲೇ ನಿಲ್ಲದೆ ಮುಂದೆ ಹೋಗಿಬಿಡುವುದು, ಇನ್ನೊಬ್ಬರನ್ನು ಮೀರಿಸುವುದು, ಇವೆಲ್ಲ ಬಹಳ ತಡವಾಗಿ ಅದಕ್ಕೆ ಅಂಟಿಕೊಂಡ ಅರ್ಥಗಳು.

"ನೋಡು," ಎಂದೆ ನಾನು. "ನಮ್ಮ ಹಿಂದಿಕ್ಕು ಅನ್ನೋ ಮಾತು ಮುಂದೆ ಹೋಗೋನ ಮಾತು, ಅವನಿಗೆ ಹಿಂದಿನೋರು ಕಾಣೋದಿಲ್ಲ. ಇಂಗ್ಲಿಷರ ಮಾತು ಬೆನ್ನಟ್ಟಿ ಬರೋನದು."

ಹಯಾತ್ ನಕ್ಕುಬಿಟ್ಟ. "ಬೆನ್ನಟ್ಟಿ ಬರೋದು ಬರ್ಲಿ ಮಾಸ್ತರ್ರೆ. ಅದರ ಕೈಗೆ ಸಿಗದಂಗೆ ಮುಂದೆ ಇದ್ರೆ ಆಯ್ತಲ್ಲ!"

ಖತೀಜಾ ಬಾಗಿಲ ಪರದೆ ಹಿಡಿದು ನಿಂತು ಕೇಳುತ್ತಿದ್ದಳು. ಅವಳು ನಗಲಿಲ್ಲ. "ಕೇಡು ಬಂದು ಹಿಡಿಯೋದಕ್ಕೂ ಅದೇ ಮಾತೇನ್ರಿ ಮಾಸ್ತರ್ರೆ?" ಎಂದು ಕೇಳಿದಳು. ಹೌದಮ್ಮ ಎಂದೆ. ಅವಳು ಒಳಗೆ ಹೋದಳು. ನನ್ನ ಹೆಂಡತಿ ಲಕ್ಷ್ಮೀ ಮಾತ್ರ ನನ್ನನ್ನು ಸರಿಯಾಗಿ ತರಾಟೆಗೆ ತೆಗೆದುಕೊಂಡಳು. "ಎಂತಕ್ಕೆ ಅವರ ಮನೆ ಬಾಗಿಲಲ್ಲಿ ಕೂತ್ಕಂಡು ಕೇಡಿನ ಸುದ್ದಿ ಹೇಳ್ತ್ರಿ? ಶಾಲೆಲಿ ಹೇಳಿದ್ದು ಸಾಕಾಗ್ತಿಲ್ಯ?" ಎಂದಳು. ಹೆಂಡತಿಯ ಮುಂದೆ ಪದಕೋಶ ನಡೆಯುವುದಿಲ್ಲ.

ಇಲ್ಲಿ ಘಟ್ಟದ ಡ್ರೈವರುಗಳ ಒಂದು ಕಟ್ಟಳೆಯನ್ನು ಹೇಳಲೇಬೇಕು. ಇದನ್ನು ಯಾವ ಹಲಗೆಯ ಮೇಲೂ ಬರೆದಿಲ್ಲ. ಇಳಿಜಾರಿನಲ್ಲಿ ಬ್ರೇಕು ಹೋದರೆ ಡ್ರೈವರ್ ಹಾರ್ನಿನ ಮೇಲೆ ಅಂಗೈ ಇಟ್ಟು ತೆಗೆಯದೆ ಒತ್ತಿ ಹಿಡಿಯುತ್ತಾನೆ. ಪಕ್ಕದಲ್ಲಿರುವ ಕ್ಲೀನರ್ ಟವೆಲು ಹೊರಗೆ ಚಾಚಿ ಬೀಸುತ್ತಾನೆ. ಎದುರಿನಿಂದ ಬರುವವರು ಅದನ್ನು ಕೇಳಿದರೆ ರಸ್ತೆಯ ಅಂಚಿಗೆ ಒತ್ತಿ ನಿಂತುಬಿಡುತ್ತಾರೆ. ಮುಂದೆ ಇಳಿಯುತ್ತಿರುವವನು ಹೆದರುಪುಕ್ಕನಾದರೆ ಅವನೂ ಸರಿಯುತ್ತಾನೆ. ಗಟ್ಟಿಗನಾದರೆ ಸರಿಯುವುದಿಲ್ಲ, ಬೆನ್ನು ಕೊಡುತ್ತಾನೆ. ಅಂದರೆ ರಸ್ತೆಯ ನಡುವೆಯೇ ಇದ್ದುಕೊಂಡು ಹಿಂದಿನ ಲಾರಿಯ ಓಟಕ್ಕೆ ತನ್ನ ಓಟ ಕೂಡಿಸಿ, ಅದರ ಮೂತಿ ಬಂದು ತನ್ನ ಹಿಂಬದಿಗೆ ಒರಗುವ ಹಾಗೆ ಮಾಡುತ್ತಾನೆ. ಒರಗಿತೋ, ಆಮೇಲೆ ಒಂದೇ ಲಾರಿಯ ಗೇರು, ಒಂದೇ ಲಾರಿಯ ಬ್ರೇಕಿನ ಮೇಲೆ ಎರಡೂ ಇಳಿಯಬೇಕು. ಸ್ವಲ್ಪ ತಪ್ಪಿದರೆ ಇಬ್ಬರೂ ಕಣಿವೆಗೆ.

ನೂರ್ ಅಹ್ಮದ್ ಒಮ್ಮೆ ಹಾಗೆ ಬೆನ್ನು ಕೊಟ್ಟಿದ್ದ, ಹೆಸರೂ ಗೊತ್ತಿಲ್ಲದ ಒಬ್ಬ ಹುಬ್ಬಳ್ಳಿಯವನಿಗೆ. ನೂರ್‌ನ ಕ್ಲೀನರ್ ವೀರಪ್ಪ, ಬನವಾಸಿ ಕಡೆಯ ನಡುವಯಸ್ಸಿನವನು, ಆ ಸುದ್ದಿಯನ್ನು ಪೇಟೆಯಲ್ಲೆಲ್ಲ ಹೇಳಿಕೊಂಡು ತಿರುಗಿದ. "ಮಗೂನ್ನ ಬೆನ್ನಿಗೆ ಕಟ್ಕಂಡು ಇಳ್ದಂಗ ಇಳಿಸಿದ್ರು ನೋಡ್ರಿ ನಮ್ಮ ಸಾಹೇಬ್ರು" ಎನ್ನುತ್ತಿದ್ದ. ನೂರ್ ಮಾತ್ರ ಆ ಸುದ್ದಿ ತೆಗೆದರೆ ಎದ್ದು ಹೋಗುತ್ತಿದ್ದ. ಅವತ್ತು ಮನೆಗೆ ಬಂದವನು ಊಟ ಮಾಡಲಿಲ್ಲ ಎಂದು ಖತೀಜಾ ಹೇಳಿದ್ದು ನನಗೆ ನೆನಪಿದೆ.

೧೯೬೦ರ ಮೇಲೆ ಅದಿರಿನ ಸುಗ್ಗಿ ಬಂತು. ಹಯಾತನಿಗೂ ಓಡಿಸಲು ಒಂದು ಹೊಸ ಲಾರಿ ಸಿಕ್ಕಿತು, ಹಸಿರು ಬಣ್ಣದ್ದು. ಅವತ್ತಿನಿಂದ ಘಟ್ಟದಲ್ಲಿ ಒಂದು ಹೊಸ ಪಿಡುಗು ಶುರುವಾಯಿತು. ಮುಂದೆ ಯಾರಾದರೂ ಕಂಡರೆ ಹಯಾತ್ ಹಾರ್ನಿನ ಮೇಲೆ ಅಂಗೈ ಇಟ್ಟು ತೆಗೆಯದೆ ಒತ್ತಿ ಹಿಡಿಯುತ್ತಿದ್ದ. ಬ್ರೇಕು ಹೋದವನ ಹಾರ್ನು! ಮುಂದಿನವರು ಎದ್ದೆನೋ ಬಿದ್ದೆನೋ ಎಂದು ಸರಿಯುತ್ತಿದ್ದರು, ಇವನು ನಗುತ್ತಾ ಸಲಾಮು ಹೊಡೆದು ದಾಟುತ್ತಿದ್ದ. ಕೆಲವು ತಿಂಗಳಲ್ಲಿ ಗುಟ್ಟು ರಟ್ಟಾಯಿತು. ಆಮೇಲೆ ಆ ಹಾರ್ನು ಕೇಳಿದರೆ ಯಾರಿಗೂ ಎದೆ ಧಸಕ್ಕೆನ್ನಲಿಲ್ಲ. "ಅದು ಹಯಾತಂದು, ಹೋಗ್ಲಿ ಬಿಡು" ಎಂದು ಸರಿಯುವುದು ರೂಢಿಯಾಯಿತು.

ಎಂದೂ ದನಿ ಎತ್ತದ ನೂರ್ ಆ ವಿಷಯಕ್ಕೆ ಒಮ್ಮೆ ಕಟ್ಟೆಯ ಮೇಲೆ ನನ್ನೆದುರಿಗೇ ಕೂಗಾಡಿದ. ಅವರ ಮನೆಮಾತು ಉರ್ದು, ನಾನು ನಿಮಗೆ ಕನ್ನಡದಲ್ಲಿ ಹೇಳುತ್ತಿದ್ದೇನೆ. "ಆ ಹಾರ್ನು ಒಂದೇ ಒಂದು ಮಾತಿಗೆ ಇಟ್ಟದ್ದು. ಅದನ್ನ ಆಟಕ್ಕೆ ಬಳಸಿದ್ರೆ ಬೇಕಾದಾಗ ನಿನ್ನ ಹತ್ರ ಮಾತೇ ಇರೋದಿಲ್ಲ" ಎಂದ. ಹಯಾತ್ ಭಾವನ ಗಡ್ಡ ಹಿಡಿದು ಮುದ್ದು ಮಾಡಿದ. "ಬೇಕಾದಾಗ ನೀವಿದ್ದೀರಲ್ಲ ದುಲ್ಹೆಭಾಯ್" ಎಂದ. ಅಕ್ಕನ ಗಂಡನನ್ನು ಅವರು ಹಾಗೆ ಕರೆಯುತ್ತಾರೆ. ನೂರ್‌ನ ಸಿಟ್ಟು ಅಲ್ಲಿಗೇ ಕರಗಿತು. ನನಗೆ ಕರಗಲಿಲ್ಲ, ಆದರೆ ನನ್ನ ಸಿಟ್ಟಿಗೆ ಯಾರು ಹೆದರುತ್ತಾರೆ?

ಖತೀಜಾ ಹೆದರಿದಳು. ಮರುದಿನ ಬೆಳಿಗ್ಗೆ ಲಾರಿ ಹೊರಡುವ ಮೊದಲು ಅವಳು ಗಂಡನ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡಳು. ನಾನು ಹಲ್ಲುಜ್ಜುತ್ತಾ ಕಟ್ಟೆಯ ಈಚೆಯೇ ಇದ್ದೆ. "ಅವನಿಗೆ ಲಾರಿ ಓಡಿಸಬೇಡ ಅನ್ನೋಕಾಗಲ್ಲ. ಒಂದು ಮಾಡ್ರಿ. ಘಟ್ಟ ಇಳಿಯುವಾಗ ನೀವು ಅವನ ಮುಂದೆ ಇರ್ರಿ. ನೀವು ಮುಂದಿದ್ರೆ ನಂಗೆ ನಿದ್ದೆ ಬರ್ತದೆ" ಎಂದಳು. ಅವಳು ಕೇಳಿದ್ದು ಅಷ್ಟೇ. ನೂರ್ ಆಯಿತು ಎಂದ.

ಅವನು ಆಯಿತೆಂದದ್ದು ಸುಳ್ಳಲ್ಲ. ಅಂದಿನಿಂದ ಎರಡು ಲಾರಿಗಳೂ ಯಲ್ಲಾಪುರದಿಂದ ಜೊತೆಯಾಗಿ ಹೊರಡುತ್ತಿದ್ದವು, ಭಾವನದು ಮುಂದೆ, ಭಾವಮೈದುನನದು ಹಿಂದೆ. ಆದರೆ ಘಟ್ಟ ಶುರುವಾಗಿ ಸ್ವಲ್ಪ ದೂರ ಇಳಿಯುವಷ್ಟರಲ್ಲಿ ಹಿಂದಿನಿಂದ ಆ ಹಾರ್ನು ಶುರುವಾಗುತ್ತಿತ್ತು. ನೂರ್ ಕನ್ನಡಿ ನೋಡುತ್ತಿದ್ದ. ಇನ್ನೊಂದು ತಿರುವು ತಡೆಯುತ್ತಿದ್ದ. ಆಮೇಲೆ ಉಸಿರುಬಿಟ್ಟು ಎಡಕ್ಕೆ ಸರಿಯುತ್ತಿದ್ದ. ಹಸಿರು ಲಾರಿ ಪಕ್ಕದಲ್ಲೇ ಗುಡುಗುತ್ತಾ ಹೋಗುತ್ತಿತ್ತು, ಹಯಾತ್ ನಕ್ಕು ಸಲಾಮು ಹೊಡೆಯುತ್ತಿದ್ದ. ಸುಂಕಸಾಳದ ಚಾ ಅಂಗಡಿಯಲ್ಲಿ ಅವನು ಭಾವನಿಗೂ ಚಾ ಹೇಳಿ ಕಾಯುತ್ತಿದ್ದ. "ಇವತ್ತೂ ನಿಮ್ಮ ಚಾ ಆರಿತು" ಎನ್ನುತ್ತಿದ್ದ. ಸಂಜೆ ಖತೀಜಾ ಕೇಳಿದರೆ ನೂರ್, "ಜೊತೆಗೇ ಇಳಿದ್ವಿ" ಎನ್ನುತ್ತಿದ್ದ. ವೀರಪ್ಪ ಒಮ್ಮೆ ತಡೆಯಲಾರದೆ, "ಅಮ್ಮಾರಿಗೆ ಕೊಟ್ಟ ಮಾತು ಏನಾತ್ರಿ ಸಾಹೇಬ್ರ?" ಎಂದು ಕೇಳಿದನಂತೆ. "ಅಷ್ಟು ಕೇಳ್ತಾನಲ್ಲೋ ವೀರಪ್ಪ, ಹೆಂಗೆ ಇಲ್ಲ ಅನ್ನಲಿ" ಎಂದನಂತೆ ನೂರ್.

೧೯೬೩ರ ಬೇಸಿಗೆ ಅದು. ಗಾಳಿ ಎಂಬುದು ಇರಲಿಲ್ಲ, ಬೆಳಗಿನಲ್ಲೇ ಬೆವರು. ಹಯಾತನ ಕ್ಲೀನರ್ ಜ್ವರ ಬಂದು ಮಲಗಿದ್ದ. ಒಬ್ಬನೇ ಹೋಗಬೇಡ, ವೀರಪ್ಪನನ್ನಾದರೂ ಕರೆದುಕೊಂಡು ಹೋಗು ಎಂದು ಖತೀಜಾ ರೊಟ್ಟಿಯ ಗಂಟು ಕೈಯಲ್ಲಿ ಹಿಡಿದುಕೊಂಡೇ ಹಟ ಮಾಡಿದಳು. ಗಂಟು ಬಿಡದೆ ನಿಂತಳು. ಹಯಾತ್ ಅಕ್ಕನ ಕೈಯಿಂದ ಅದನ್ನು ಕಸಿದುಕೊಂಡು, "ಆಪಾ, ದುಲ್ಹೆಭಾಯ್ ಮುಂದೆ ಇರ್ತಾರಲ್ಲ" ಎಂದು ಲಾರಿ ಹತ್ತಿದ. ನಾನು ಶಾಲೆಗೆ ಹೊರಟವನು ನಿಂತು ನೋಡಿದೆ. ಹಳೆಯ ಲಾರಿ ಮುಂದೆ, ಹಸಿರು ಲಾರಿ ಹಿಂದೆ, ತಿರುವಿನಲ್ಲಿ ಮರೆಯಾದವು. ಖತೀಜಾ ಬಹಳ ಹೊತ್ತು ಅಲ್ಲೇ ನಿಂತಿದ್ದಳು.

ಮುಂದಿನದ್ದು ವೀರಪ್ಪ ಹೇಳಿದ್ದು. ಎಷ್ಟೋ ಸಲ ಕೇಳಿದ್ದೇನೆ, ಒಂದು ಮಾತೂ ಹೆಚ್ಚುಕಡಿಮೆ ಮಾಡದೆ ಹೇಳುತ್ತಾನೆ.

ಘಟ್ಟದ ಮೊದಲ ತಿರುವುಗಳು ಕಳೆದಿದ್ದವು. ಎಡಕ್ಕೆ ಗುಡ್ಡ, ಬಲಕ್ಕೆ ಕಣಿವೆ. ಹಿಂದಿನಿಂದ ಹಾರ್ನು ಬಂತು, ನಿಲ್ಲದ ಹಾರ್ನು. ನೂರ್ ಕನ್ನಡಿ ನೋಡಿದ. ಹಸಿರು ಲಾರಿ ದಿನದಂತೆಯೇ ಧೂಳೆಬ್ಬಿಸಿಕೊಂಡು ಬರುತ್ತಿತ್ತು. ಟವೆಲು ಬೀಸಲು ಅದರಲ್ಲಿ ಕ್ಲೀನರ್ ಇರಲಿಲ್ಲ. "ಇವತ್ತು ಇನ್ನೂ ಜಲ್ದಿ ಶುರು ಮಾಡಿದ" ಎಂದು ನೂರ್ ನಕ್ಕ. ವೀರಪ್ಪನೂ ನಕ್ಕ. ದಿನಾ ಒಂದು ತಿರುವಾದರೂ ತಡೆಯುವವನು ಅವತ್ತು ತಡೆಯಲೂ ಇಲ್ಲ. ಎಡಕ್ಕೆ ಸರಿದು, ಕೈ ಹೊರಗೆ ಚಾಚಿ, ಬಾ ಎಂದು ಕರೆದ.

ಹಸಿರು ಲಾರಿ ಪಕ್ಕಕ್ಕೆ ಬಂತು. ಖಾಲಿ ಇದ್ದ ಕ್ಲೀನರ್ ಸೀಟಿನ ಆಚೆ ಹಯಾತನ ಮುಖ ಪೂರ್ತಿ ಕಂಡಿತು. ನಗುವಿಲ್ಲ, ಸಲಾಮಿಲ್ಲ. ಬಾಯಿ ತೆರೆದಿತ್ತು. "ದುಲ್ಹೆಭಾಯ್, ಮುಂದೆ! ಮುಂದೆ ಇರ್ರಿ!" ಎಂದು ಕೂಗಿದ್ದು ಹಾರ್ನಿನ ನಡುವೆಯೂ ಕೇಳಿಸಿತು. ಕೇಳಿಸುವಷ್ಟರಲ್ಲಿ ಲಾರಿ ದಾಟಿ ಹೋಗಿತ್ತು. ಅದರ ಗಾಲಿಗಳಿಂದ ಸುಟ್ಟ ವಾಸನೆ ಬಂತು. ದೊಡ್ಡ ಗೇರಿನಲ್ಲಿ ಇಳಿದು ಇಳಿದು ಬ್ರೇಕು ಕಾದು ಕೆಲಸ ಬಿಟ್ಟಿತ್ತು. ಅವನು ಭಾವನ ಬೆನ್ನಿಗೆ ಒರಗಲು ಬಂದಿದ್ದ. ಒರಗಬೇಕಾದ ಬೆನ್ನು ಸರಿದು ದಾರಿ ಬಿಟ್ಟಿತ್ತು.

ಹುಟ್ಟಿದಾರಭ್ಯ ಯಾರನ್ನೂ ಓವರ್‌ಟೇಕ್ ಮಾಡದ ಮನುಷ್ಯ ಆಗ ಗೇರು ಎತ್ತಿ ಅದಿರು ತುಂಬಿದ ಲಾರಿಯನ್ನು ಆ ಇಳಿಜಾರಿನಲ್ಲಿ ಬಿಟ್ಟ. ಹಯಾತನನ್ನು ದಾಟಬೇಕು, ದಾಟಿ ಅವನ ಮುಂದೆ ಬರಬೇಕು, ಬೆನ್ನು ಕೊಡಬೇಕು. ಬೇರೆ ದಾರಿಯಿರಲಿಲ್ಲ. ವೀರಪ್ಪ ಕಣ್ಣು ಮುಚ್ಚಿ ತನ್ನೂರ ದೇವರು ಮಧುಕೇಶ್ವರನನ್ನು ನೆನೆದ. ಹಯಾತ್ ಲಾರಿಯನ್ನು ಎಡಗಡೆಯ ಗುಡ್ಡಕ್ಕೆ ತಿಕ್ಕಿ ನಿಲ್ಲಿಸಲು ನೋಡುತ್ತಿದ್ದ, ಕಲ್ಲು ಹಾರುತ್ತಿದ್ದವು, ಕಿಡಿ ಏಳುತ್ತಿತ್ತು, ಲಾರಿ ನಿಲ್ಲಲಿಲ್ಲ. ಅಷ್ಟಾದರೂ ಓಟ ತುಸು ಕಡಿಮೆಯಾಯಿತು. ನೂರ್ ಅವನನ್ನು ಮುಟ್ಟಿದ. ಹಿಂದಿನ ಹಲಗೆಯ ಮೇಲಿನ ಅಕ್ಷರ ಓದುವಷ್ಟು ಹತ್ತಿರ. ಆದರೆ ಘಟ್ಟದಲ್ಲಿ ಹಿಂದಿನಿಂದ ಮುಟ್ಟಿ ಏನು ಫಲ? ಹಿಂದಿನವನು ಮುಟ್ಟಿದರೆ ತಳ್ಳಿದ ಹಾಗೆ. ನೂರ್ ಬಲಕ್ಕೆ, ಕಣಿವೆಯ ಕಡೆಗೆ ಲಾರಿ ತಿರುಗಿಸಿ ಪಕ್ಕಕ್ಕೆ ಬಂದ. ಅರ್ಧ ದಾಟಿದ್ದ. ಇನ್ನೊಂದು ಲಾರಿಯಷ್ಟು ಉದ್ದ ಸಿಕ್ಕಿದ್ದರೆ ಸಾಕಿತ್ತು.

ಎದುರಿನ ತಿರುವಿನಿಂದ ಯಲ್ಲಾಪುರದ ಕಡೆಗೆ ಹತ್ತುವ ಬಸ್ಸು ಬಂತು. ತುಂಬಿದ ಬಸ್ಸು. ಅಂಕೋಲೆಗೆ ನೆಂಟರ ಮನೆಗೆ ಹೋಗಿ ಹಿಂದಿರುಗುತ್ತಿದ್ದ ನಂದೊಳ್ಳಿಯ ಹೆಂಗಸರೂ ಅದರಲ್ಲಿದ್ದರು, ಕಿಟಕಿಯಲ್ಲಿ ಅವರ ಮುಖ ಕಾಣುತ್ತಿತ್ತು. "ಸಾಹೇಬ್ರ, ಬಸ್ಸು!" ಎಂದು ವೀರಪ್ಪ ಕಿರುಚಿದ. ನೂರ್ ಬ್ರೇಕು ತುಳಿದ. ಎಷ್ಟೋ ವರ್ಷದಿಂದ ಆಪತ್ಕಾಲಕ್ಕೆ ಎಂದು ಕಾದಿಟ್ಟ ಬ್ರೇಕು, ಮೋಸ ಮಾಡಲಿಲ್ಲ. ಲಾರಿ ಹಿಂದೆ ಬಿತ್ತು, ಎಡಕ್ಕೆ ಸರಿಯಿತು. ಬಸ್ಸು ಕಣಿವೆಯ ಅಂಚಿಗೆ ಒತ್ತಿ ನಿಂತಿತು. ಅದಕ್ಕೂ ಗುಡ್ಡಕ್ಕೂ ನಡುವಿನ ಸಂದಿನಲ್ಲಿ ಹಯಾತ್ ಬಸ್ಸಿಗೆ ಒಂದು ಗೀರೂ ಬೀಳದ ಹಾಗೆ ಹಸಿರು ಲಾರಿಯನ್ನು ಪಾರುಮಾಡಿದ. ಅಷ್ಟು ಚೆನ್ನಾಗಿ ಓಡಿಸುತ್ತಿದ್ದ ಅವನು, ಸುಳ್ಳು ಯಾಕೆ ಹೇಳಲಿ. ಅದರಾಚೆಯ ತಿರುವಿನವರೆಗೂ ಹಾರ್ನು ಕೇಳುತ್ತಿತ್ತು. ಆಮೇಲೆ ಕೇಳಲಿಲ್ಲ.

ಕಣಿವೆಯಿಂದ ಎತ್ತಿ ಹಯಾತನ ಹೆಣವನ್ನು ಮನೆಗೆ ತಂದಾಗ ಮಧ್ಯಾಹ್ನವಾಗಿತ್ತು. ಬೀದಿಯೆಲ್ಲ ಸೇರಿತ್ತು. ನಾನು ನೂರ್‌ನ ತೋಳು ಹಿಡಿದು ನಿಂತಿದ್ದೆ. ಖತೀಜಾ ತಮ್ಮನ ಮುಖ ನೋಡಿದಳು, ಅವನ ಕೂದಲಲ್ಲಿದ್ದ ಮಣ್ಣನ್ನು ಬೆರಳಿನಿಂದ ತೆಗೆದಳು. ಆಮೇಲೆ ತಲೆ ಎತ್ತಿ ಗಂಡನನ್ನು ನೋಡಿದಳು.

"ನೀವು ಮುಂದೆ ಇದ್ರಲ್ಲ?"

ನೂರ್ ನನ್ನ ಕೈ ಬಿಡಿಸಿಕೊಂಡು ಅವಳ ಎದುರಿಗೆ ಕೂತ.

"ಮುಂದೆ ಇದ್ದೋರು ಹಿಂದೆ ಹೆಂಗೆ ಉಳಿದ್ರಿ?"

"ಸೈಡ್ ಕೇಳಿದ," ಎಂದ ನೂರ್. "ಕೊಟ್ಟೆ."

ಅವಳು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಂದಿನಿಂದ ಅವಳು ಅವನೊಡನೆ ಮಾತು ಬಿಟ್ಟಳು. ತಟ್ಟೆ ಇಡುತ್ತಿದ್ದಳು, ಬಡಿಸುತ್ತಿದ್ದಳು, ಒಳಗೆ ಹೋಗುತ್ತಿದ್ದಳು. ಆ ಮನೆಯಿಂದ ಪಾತ್ರೆಯ ಸದ್ದು ಬಿಟ್ಟರೆ ಬೇರೆ ಸದ್ದು ನಮಗೆ ಕೇಳುತ್ತಿರಲಿಲ್ಲ. ಲಾರಿ ನಿಂತ ಕಡೆಯೇ ನಿಂತಿತ್ತು. ನನಗೆ ಅವರ ಬಾಗಿಲ ಮುಂದೆ ಹೋಗಲೂ ಭಯವಾಗುತ್ತಿತ್ತು. ಈ ಮನೆಯಲ್ಲಿ ಇನ್ನೊಂದು ಹೆಣ ಏಳುತ್ತದೆ ಎಂದು ಲಕ್ಷ್ಮೀ ಹೇಳಿದಳು, ನಾನು ಅವಳನ್ನು ಗದರಿಸಿದೆ, ಆದರೆ ನನ್ನ ಮನಸ್ಸಿನಲ್ಲಿದ್ದದ್ದೂ ಅದೇ. ಪದಕೋಶವನ್ನೂ ಆಗ ಮತ್ತೊಮ್ಮೆ ತೆಗೆದು ನೋಡಿದೆ. ಮೊದಲನೆಯ ಅರ್ಥ, ಓಡುವವನನ್ನು ಬೆನ್ನಟ್ಟಿ ಹೋಗಿ ಹಿಡಿಯುವುದು. ನೂರ್ ಮಾಡಿದ್ದು ಅದನ್ನೇ ಅಲ್ಲವೇ? ಪ್ರೀತಿಯಿಂದಲೂ ಹಾಗೆ ಬೆನ್ನಟ್ಟುವವರು ಇರುತ್ತಾರೆ ಎಂದು ಅದರಲ್ಲಿ ಎಲ್ಲೂ ಬರೆದಿರಲಿಲ್ಲ. ನನಗೆ ಸಿಟ್ಟು ಬಂದು ಮುಚ್ಚಿಟ್ಟೆ.

ಮಳೆಗಾಲ ಕಳೆದ ಮೇಲೆ ನೂರ್ ಓಡಿಸುತ್ತಿದ್ದ ಲಾರಿಯ ಯಜಮಾನ ಹೇಳಿಕಳಿಸಿದ. ಬೇರೆ ಡ್ರೈವರನ್ನು ನೋಡಿಕೊಳ್ಳುತ್ತೇನೆ, ಇಲ್ಲವೇ ನೀನು ಬಾ ಎಂದು. ನೂರ್ ಹೋಗುವುದಿಲ್ಲವೆಂದೇ ನಾವು ತಿಳಿದಿದ್ದೆವು. ಒಂದು ಬೆಳಿಗ್ಗೆ ಅವನು ಅಂಗಿ ಹಾಕಿಕೊಂಡು ಹೊಸ್ತಿಲು ದಾಟುವಾಗ ಖತೀಜಾ ಪರದೆ ಸರಿಸಿ ಬಂದಳು. ಕೈಯಲ್ಲಿ ರೊಟ್ಟಿಯ ಗಂಟಿತ್ತು. ಅಷ್ಟು ದಿನಗಳಲ್ಲಿ ಅವಳು ಆಡಿದ ಮೊದಲ ಮಾತನ್ನು ನಾನು ಈ ಕಿವಿಯಿಂದ ಕೇಳಿದೆ.

"ಇನ್ನು ಯಾರಿಗೂ ಕೊಡಬೇಡ್ರಿ," ಎಂದಳು. "ಯಾರು ಎಷ್ಟು ಕೇಳಿದ್ರೂ."

ಅವತ್ತಿನಿಂದ ಅವನು ಕೊಟ್ಟಿಲ್ಲ.

ಹೋದ ತಿಂಗಳು ನನಗೆ ಅಂಕೋಲೆಯಲ್ಲಿ ಕೆಲಸವಿತ್ತು, ಅವನ ಲಾರಿಯಲ್ಲೇ ಹೋದೆ. ನಾನು ನಡುವೆ, ವೀರಪ್ಪ ಬಾಗಿಲ ಕಡೆಗೆ. ಘಟ್ಟದ ತಲೆಯಲ್ಲಿ ನನ್ನ ಹಲಗೆ ಇನ್ನೂ ಇದೆ, ಬಣ್ಣ ಹೋಗಿದೆ. ಇಳಿಯತೊಡಗಿದ ಸ್ವಲ್ಪ ಹೊತ್ತಿಗೆ ಹಿಂದೆ ಒಂದು ಲಾರಿ ಬಂದು ಸೇರಿತು. ಮೊದಲು ಸಣ್ಣಸಣ್ಣ ಹಾರ್ನು. ಆಮೇಲೆ ಒಂದೇ ಸಮನೆ, ನಿಲ್ಲದ ಹಾರ್ನು. ತಿರುಗಿ ನೋಡಲು ಧೈರ್ಯವಾಗಲಿಲ್ಲ. ನೂರ್ ಕನ್ನಡಿ ನೋಡಿದ. ಮುಖದಲ್ಲಿ ಏನೂ ಇರಲಿಲ್ಲ. ಗೇರು ಇಳಿಸಿ, ಲಾರಿಯನ್ನು ರಸ್ತೆಯ ನಟ್ಟನಡುವೆ ತಂದು, ಕನ್ನಡಿಯಿಂದ ಕಣ್ಣು ಕೀಳದೆ ಮೆಲ್ಲಗೆ ಏನೋ ಹೇಳುತ್ತಿದ್ದ. ಕಿವಿಗೊಟ್ಟು ಕೇಳಿದೆ. "ಬಾ, ಬಂದು ಒರಗು. ನಾನು ಮುಂದೆ ಇದ್ದೀನಿ" ಎನ್ನುತ್ತಿದ್ದ, ಉರ್ದುವಿನಲ್ಲಿ.

ಹಿಂದಿನವನ ಬ್ರೇಕಿಗೆ ಏನೂ ಆಗಿರಲಿಲ್ಲ. ಅವನಿಗೆ ಬರೀ ಅವಸರ. ಸುಂಕಸಾಳದ ಹತ್ತಿರ ನೂರ್ ಎಡಕ್ಕೆ ಸರಿದಾಗ ಆ ಲಾರಿ ರೊಯ್ಯನೆ ಪಕ್ಕಕ್ಕೆ ಬಂತು. ಇನ್ನೂ ಮೀಸೆ ಸರಿಯಾಗಿ ಬಾರದ ಡ್ರೈವರ್ ತಲೆ ಹೊರಗೆ ಹಾಕಿ, ನೂರ್‌ನ ತಾಯಿಯ ತನಕ ಹೋಗಿ ಬೈದು ಮುಂದೆ ಹೋದ. ವೀರಪ್ಪ ಬಾಗಿಲು ತೆರೆದು ಪಾವಟಿಗೆಯ ಮೇಲೆ ನಿಂತು ತಿರುಗಿ ಬೈಯಲು ಬಾಯಿ ತೆರೆದ. ನೂರ್ ನನ್ನ ಮೇಲಿಂದ ಒಂದು ಕೈ ಚಾಚಿ ಅವನ ಅಂಗಿ ಹಿಡಿದು ಒಳಗೆ ಎಳೆದು ಕೂರಿಸಿದ.

"ಬೈಲಿ ಬಿಡೋ ವೀರಪ್ಪ," ಎಂದ. "ಬೈಯೋಕೆ ಬಾಯಿ ಉಳೀತಲ್ಲ."